ಕಸ್ತೂರಿ ಅಕ್ಕೋರು ಒಡೆದು ತೋರಿಸಿದ ಚಿಪ್ಪು

ಕಸ್ತೂರಿ ಅಕ್ಕೋರ ಕೈಚೀಲದಲ್ಲಿ ಹಾಜರಿ ಪುಸ್ತಕದ ಪಕ್ಕ ಸದಾ ಒಂದು ಸುತ್ತಿಗೆ ಇರುತ್ತಿತ್ತು. ಬನಹಟ್ಟಿಯ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಗೆ ವಿಜ್ಞಾನ ಕಲಿಸಲು ಬಂದ ಮೊದಲ ವಾರದಲ್ಲೇ ಅವರು ಮೇಜಿನ ಮೇಲೆ ಒಂದು ಹಂಚು, ಒಂದು ಬಾಟಲಿ, ಒಂದು ಎತ್ತಿನ ಕೊಂಬು ಇಟ್ಟು, ಗೋಣಿಚೀಲ ಹೊದಿಸಿ, ಒಂದೊಂದಾಗಿ ಬಡಿದಿದ್ದರು. ಮುಖ್ಯೋಪಾಧ್ಯಾಯರು ಓಡಿ ಬಂದರೆ, "ಪಾಠ ನಡದೈತ್ರಿ ಸರ್" ಎಂದು ಮತ್ತೆ ಸುತ್ತಿಗೆ ಎತ್ತಿದರು.

ಅವರು ಸಾವಳಗಿ ಕಡೆಯ ಕುರಿ ಸಾಕುವ ಮನೆತನದವರು. ಎತ್ತರದ ಆಳು, ಅಗಲ ಅಂಗೈ. ಓಣಿಯ ಮಗ್ಗಗಳ ಸದ್ದಿನ ನಡುವೆಯೂ ಕೊನೆಯ ಬೆಂಚಿಗೆ ಮುಟ್ಟುವ ಧ್ವನಿ. "ಸಾಮಾನು ಗಟ್ಟಿ ಐತಿ ಅಂದ್ರ ಅರ್ಧಾ ಮಾತು ಹೇಳಿದಂಗ," ಎನ್ನುತ್ತಿದ್ದರು. "ಏಟು ಬಿದ್ದ ಮ್ಯಾಲ ಅದು ಏನ್ ಮಾಡತೈತಿ ಅನ್ನೂದು ಉಳದ ಅರ್ಧ."

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರು ಕಾರವಾರಕ್ಕೆ ಹೋಗಿಬಂದು ಅಂಗೈ ಅಗಲದ ಚಿಪ್ಪುಗಳನ್ನು ತಂದರು. ಹೊರಗೆ ಮಣ್ಣಿನ ಬಣ್ಣ, ಒಳಗೆ ಮುತ್ತಿನ ಹೊಳಪು. ಪಕ್ಕದಲ್ಲಿ ಅಷ್ಟೇ ದಪ್ಪದ ಒಂದು ಸುಣ್ಣದ ಕಲ್ಲು ಇಟ್ಟರು.

"ಎರಡೂ ಸುಣ್ಣಾನ. ಯಾವುದು ಮೊದಲ ಒಡೀತೈತಿ?"

ಕಲ್ಲು ಒಂದೇ ಏಟಿಗೆ ಎರಡು ಹೋಳಾಯಿತು. ಚಿಪ್ಪಿನ ಮೇಲೆ ಅದೇ ಏಟು ಬಿದ್ದಾಗ ಒಂದು ಮೂಲೆ ಚಕ್ಕೆಯೆದ್ದಿತು, ಬಿರುಕುಗಳು ಅಲ್ಲಲ್ಲಿ ಓಡಿದವು, ಆದರೆ ಚಿಪ್ಪು ಚಿಪ್ಪಾಗಿಯೇ ಉಳಿಯಿತು. ಅಕ್ಕೋರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಒಳಗ ಕೂದಲಕಿಂತ ಎಷ್ಟೋ ಪಟ್ಟು ತೆಳ್ಳಾನ ಸುಣ್ಣದ ಬಿಲ್ಲಿಗಳು. ಗೌಂಡಿ ಗ್ವಾಡಿ ಕಟ್ಟಿದಂಗ ಒಂದರ ಮ್ಯಾಲ ಒಂದು, ಸಾವಿರಾರು ಸಾಲು. ನಡುವ ಚೂರು ಅಂಟು. ಕಲ್ಲಿನ್ಯಾಗ ಬಿರುಕು ಸೀದಾ ಆ ಕಡಿ ಹೋಗತೈತಿ. ಇಲ್ಲಿ ಹಂಗಲ್ಲ. ಪ್ರತಿ ಅಂಟಿನ ಹತ್ರಾನೂ ಹೊಳ್ಳಬೇಕು, ಸುತ್ತಬೇಕು. ಬಿಲ್ಲಿ ಒಂಚೂರು ಜಾರತಾವು, ಅಂಟು ಎಳಿ ಎಳಿಯಾಗಿ ಜಗ್ಗತೈತಿ, ಆದ್ರ ಕೈ ಬಿಡೂದಿಲ್ಲ. ಸುತ್ತಿ ಸುತ್ತಿ ಬಿರುಕಿನ ಜೋರು ಮುಗದ ಹೋಗತೈತಿ."

ಆಮೇಲೆ ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿದ ಇನ್ನೊಂದು ಚಿಪ್ಪನ್ನು ಬಡಿದರು. ಅದು ಬೇಗನೆ ಮುರಿಯಿತು. "ನೀರಿನ ಪಸಿ ಹೋದ್ರ ಅಂಟು ಪೆಡಸಾಗತೈತಿ, ಜಗ್ಗೂದಿಲ್ಲ," ಎಂದು, ಉಳಿದ ಚಿಪ್ಪುಗಳನ್ನು ನೀರು ತುಂಬಿದ ಬೋಗುಣಿಗೆ ಹಾಕಿದರು.

ಬಳಿಕ ಒಬ್ಬೊಬ್ಬರ ಕೈಗೂ ಸುತ್ತಿಗೆ ಕೊಟ್ಟರು. ಎಲ್ಲರೂ ಒಂದೊಂದು ಏಟು ಹಾಕಿ ನಕ್ಕು ಹಿಂದೆ ಬಂದರು. ನಾನು ನಿಲ್ಲಿಸಲಿಲ್ಲ. ಹತ್ತೋ ಹದಿನೈದೋ ಏಟು. ಚಿಪ್ಪು ಪುಡಿಯಾದ ಮೇಲೂ ಮೇಜನ್ನೇ ಬಡಿಯುತ್ತಿದ್ದೆ. ಅಕ್ಕೋರು ನನ್ನ ಮುಂಗೈ ಹಿಡಿದು, ಎಲ್ಲರನ್ನೂ ಹೊರಗೆ ಕಳಿಸಿ, ಮೆಲ್ಲಗೆ ಕೇಳಿದರು.

"ಯಾರನ್ನ ಬಡಿಯಾಕತ್ತೀಯವಾ?"

"ನಮ್ಮಪ್ಪನ್ನ."

ಹಿಂದಿನ ದಿನ ಅಪ್ಪ ಅವ್ವನ ತಲೆಯನ್ನು ಮಗ್ಗದ ಚೌಕಟ್ಟಿಗೆ ಜಜ್ಜಿದ್ದ. ಅದು ಮೊದಲ ಸಲವೇನೂ ಅಲ್ಲ. ಅವ್ವನ ಎರಡು ಹಲ್ಲು ಆಗಲೇ ಹೋಗಿದ್ದವು, ಒಂದು ಬೆರಳು ಸೊಟ್ಟಗಿತ್ತು. ನೇಯುವವರ ಓಣಿಯಲ್ಲಿ ಮಗ್ಗ ಓಡುತ್ತಿದ್ದರೆ ಪಕ್ಕದ ಮನೆಯ ಕೂಗು ಕೇಳುವುದಿಲ್ಲ.

ಶಾಲೆ ಬಿಟ್ಟ ಕೂಡಲೇ ಅಕ್ಕೋರು ನನ್ನ ಜೊತೆ ಮನೆಗೆ ಬಂದರು. ನಾವು ಹೋದಾಗ ಅಪ್ಪ ಅವ್ವನ ತೋಳು ತಿರುವಿ ಹಿಡಿದಿದ್ದ. ಅಕ್ಕೋರು ಹೊಸ್ತಿಲಲ್ಲಿ ನಿಂತರು.

"ಕೈ ಬಿಡು."

"ಸಾಲ್ಯಾಗ ಕಲಸೂದು ನಿನ್ನ ಕೆಲಸ. ನನ್ನ ಮನ್ಯಾಗ ನಿಂದೇನೈತಿ?"

"ನಿನ್ನ ಮಗಳು ನನ್ನ ಸಾಲಿ ಹುಡಗಿ. ಆಕಿ ಕಲೀಬೇಕಂದ್ರ ಆಕಿ ಅವ್ವ ಜೀವಂತ ಇರಬೇಕು. ಕೈ ಬಿಡು."

ಅಪ್ಪ ಮಗ್ಗದ ಮೇಲಿನ ಲಾಳಿ ತೆಗೆದು ಬೀಸಿದ. ಲಾಳಿಯ ಎರಡೂ ತುದಿಗೆ ಉಕ್ಕಿನ ಮೊನೆ ಇರುತ್ತದೆ. ಅದು ಅಕ್ಕೋರ ಎಡಗಣ್ಣಿಗೆ ಬಡಿಯಿತು. ರಕ್ತ ಕೆನ್ನೆಯ ಮೇಲಿಂದ ಇಳಿದು ಬಿಳಿ ಸೀರೆಯ ತುಂಬ ಹರಿಯಿತು. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತು, "ಕೈ ಬಿಡು" ಎಂದೇ ಮತ್ತೆ ಹೇಳಿದರು. ಅಪ್ಪ ಮೂಲೆಯ ಕಬ್ಬಿಣದ ಸಲಾಕೆ ಎತ್ತಿದ. ಅದು ಅವರ ಹೆಗಲಿಗೆ ಬಿದ್ದಾಗ ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

ಅವರ ಚೀಲ ನನ್ನ ಕಾಲ ಬಳಿ ಬಿದ್ದಿತ್ತು. ನಾನು ಸುತ್ತಿಗೆ ತೆಗೆದುಕೊಂಡು ಅಪ್ಪನ ಮಗ್ಗುಲಿಗೆ ಹೋದೆ. ಎತ್ತಿದ್ದೆ ಕೂಡ. ಅಕ್ಕೋರು ಮುರಿಯದ ಕೈಯಿಂದ ನನ್ನ ಮುಂಗೈ ಹಿಡಿದರು. ಆ ಹಿಡಿತದ ನೋವು ಎರಡು ದಿನ ಇತ್ತು.

"ನೀ ಬ್ಯಾಡ. ನೀ ಬಡದ್ರ ಅವನಂಗ ಆಗತಿ."

ಅಷ್ಟರಲ್ಲಿ ಅವ್ವ ಬಿಡಿಸಿಕೊಂಡು ಬೀದಿಗೆ ಓಡಿ ಕಿರುಚಿದಳು. ಅಕ್ಕಪಕ್ಕದ ಮಗ್ಗಗಳು ಒಂದೊಂದೇ ನಿಂತವು. ಬಂದವರು ಅಪ್ಪನನ್ನು ನೆಲಕ್ಕೆ ಕೆಡವಿ, ಕೈಕಾಲು ಕಟ್ಟಿ, ಪೊಲೀಸರು ಬರುವವರೆಗೂ ತುಳಿದರು. ಅಕ್ಕೋರು ಹೊಸ್ತಿಲ ಮೇಲೆ ಕುಸಿದು ಕುಳಿತು, "ಸಾಕ ಮಾಡ್ರಿ, ಸಾಯತಾನ" ಎನ್ನುತ್ತಲೇ ಇದ್ದರು. ಯಾರೂ ಕೇಳಲಿಲ್ಲ.

ಅಕ್ಕೋರ ಕಣ್ಣು ಉಳಿಯಲಿಲ್ಲ. ಅಪ್ಪನಿಗೆ ಜೈಲಾಯಿತು. ನಾನೂ ಅವ್ವನೂ ರಬಕವಿಯಲ್ಲಿದ್ದ ಅಕ್ಕೋರ ಬಾಡಿಗೆ ಮನೆಗೆ ಹೋದೆವು. ನಾಲ್ಕು ದಿನಕ್ಕೆಂದು ಹೋದವರು ನಾಲ್ಕು ವರ್ಷ ಇದ್ದೆವು. ಅವ್ವ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು.

ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತ ಅವ್ವ ಕೇಳಿದಳು, "ಅವತ್ತ ನಿಮಗ ಅಂಜಿಕಿ ಬರಲಿಲ್ಲೇನ್ರಿ?"

"ಬಂದಿತ್ತಬೇ. ಕಾಲು ಗಡಗಡ ನಡಗಾಕತ್ತಿದ್ದೂ. ಬಾಗಲಾ ಯಾಕ ಹಿಡಕೊಂಡಿದ್ನಿ ಅಂತ ಮಾಡೀ?"

ಇಬ್ಬರೂ ನಕ್ಕರು. ಅವ್ವ ಬಾಯಿಗೆ ಸೆರಗು ಅಡ್ಡ ಇಡದೆ ನಕ್ಕಿದ್ದನ್ನು ಅವತ್ತೇ ಮೊದಲು ನೋಡಿದ್ದು.

ನಾನು ಈಗ ಜಮಖಂಡಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ ಅಕ್ಕೋರು ಸಾವಳಗಿಯ ತಮ್ಮನ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು, ಏಳಲಿಲ್ಲ. ಸುದ್ದಿ ಬಂದ ಕೂಡಲೇ ಅವ್ವ ನಾನು ಹೋದೆವು. ಬೊಂಬು ಕಟ್ಟಿ ಹೂವಿನಿಂದ ಸಿಂಗರಿಸಿದ ಶವದ ವಿಮಾನದಲ್ಲಿ ಅವರನ್ನು ಕೂರಿಸಿದ್ದರು. ಹಳೆಯ ವಿದ್ಯಾರ್ಥಿನಿಯರಿಂದ ಅಂಗಳ ತುಂಬಿತ್ತು.

ಎತ್ತುವ ಹೊತ್ತಿಗೆ ಜನರ ಹಿಂದಿನಿಂದ ನರೆತ ತಲೆಯ ಒಬ್ಬ ಮುದುಕ ಮುಂದೆ ಬಂದು ವಿಮಾನದ ಬೊಂಬಿಗೆ ಕೈ ಹಾಕಿದ. ಅಪ್ಪನೇ. ಜೈಲಿನಿಂದ ಬಂದ ಮೇಲೆ ಅವನು ಎಲ್ಲಿದ್ದಾನೆಂದು ನಮಗೆ ಗೊತ್ತಿರಲಿಲ್ಲ. ಅಳುತ್ತಿದ್ದ.

ಅವ್ವ ಅವನೆದುರು ಹೋಗಿ ನಿಂತಳು.

"ಮಣ್ಣ ಹಾಕಾಕ ಬಾ. ಹೆಗಲ ಕೊಡಬ್ಯಾಡ."

ಅವನು ಕೈ ತೆಗೆದ. ಹೆಂಗಸರು ಹೊರುವ ರೂಢಿ ಇಲ್ಲ ಎಂದು ಯಾರೋ ಹಿರಿಯರು ಹೇಳಿದರು. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ, ಆ ಬೊಂಬನ್ನು ಹೆಗಲ ಮೇಲೆ ತೆಗೆದುಕೊಂಡಳು.