ತಗಡಿನ ಮೇಲೆ ಎರಡು ಏಟು

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಂತಲೇ ಕರೆಯುತ್ತಿದ್ದರು. ಅಂಗಿಯ ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲೇ ಹಾಕುವ ಹೊಲಿಗೆಗೆ ಕಾಜಾ ಅನ್ನುತ್ತಾರೆ. ಒಂಬತ್ತನೇ ವಯಸ್ಸಿನಿಂದ ಮೂವತ್ತಾರರವರೆಗೆ ಅವಳು ಅದೊಂದನ್ನೇ ಮಾಡಿದವಳು.

ನಾನು ಅದೇ ಅಂಗಡಿಯ ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡುತ್ತಿದ್ದವನು. ಜಾಗಕ್ಕೆ ಬಾಡಿಗೆ ಇರಲಿಲ್ಲ, ಬದಲಿಗೆ ಒಂದು ಕೆಲಸ ಇತ್ತು. ತಪಾಸಣೆಯ ಜೀಪು ಬೀದಿ ತಿರುವಿನಲ್ಲಿ ಕಂಡರೆ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ತಗಡಿನ ಮೇಲೆ ಎರಡು ಸಲ ಕುಟ್ಟಬೇಕು. ಧಡ್, ಧಡ್. ಅಷ್ಟು ಕೇಳಿದರೆ ಸಾಕು, ಮೇಲೆ ಕೂತ ಮಕ್ಕಳೆಲ್ಲ ಸೂಜಿ ಬಿಟ್ಟು, ಏಣಿ ಹತ್ತಿ, ಅಟ್ಟದಲ್ಲಿ ಬಟ್ಟೆಯ ಗಂಟುಗಳ ಹಿಂದೆ ಉಸಿರು ಬಿಗಿಹಿಡಿದು ಮಲಗುತ್ತಿದ್ದರು. ಕೆಮ್ಮು ಬಂದರೆ ಬಟ್ಟೆ ಕಚ್ಚಿಕೊಳ್ಳಬೇಕು. ಇದನ್ನು ಹೇಳಿಕೊಳ್ಳೋಕೆ ನನಗೇನೂ ಹೆಮ್ಮೆಯಿಲ್ಲ. ಆದರೆ ಕುಟ್ಟಿದವನು ನಾನೇ, ಇನ್ಯಾರ ತಲೆಗೆ ಕಟ್ಟಲಿ?

ಅವಳನ್ನು ಅವರಪ್ಪ ಕೈಹಿಡಿದು ಕರೆತಂದ ದಿನ ನನಗೆ ನೆನಪಿದೆ. ಮೇಸ್ತ್ರಿ ಅವಳ ಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ‘ಸಣ್ಣಗಿವೆ, ನಡೆಯುತ್ತೆ’ ಅಂದ. ಮೊದಲ ದಿನ ಕಲಿಸಿದ್ದು ಎರಡೇ ಪಾಠ. ಒಂದು, ನೂಲಿಗೆ ಮೇಣ ಸವರುವುದು. ಇನ್ನೊಂದು, ಯಾರಾದರೂ ವಯಸ್ಸು ಕೇಳಿದರೆ ‘ಹದಿನೈದು ತುಂಬಿದೆ ಸರ್’ ಅನ್ನುವುದು. ಎರಡನ್ನೂ ಅವಳು ಬೇಗ ಕಲಿತಳು. ಏಣಿ ಹತ್ತುವುದರಲ್ಲಂತೂ ಅವಳನ್ನು ಮೀರಿಸಿದವರೇ ಇರಲಿಲ್ಲ. ನನ್ನ ಎರಡನೇ ಏಟು ಬೀಳುವಷ್ಟರಲ್ಲಿ ಅವಳು ಅರ್ಧ ಏಣಿ ಹತ್ತಿರುತ್ತಿದ್ದಳಂತೆ.

ಬೆಳೆದಳು, ಮದುವೆಯಾಯಿತು. ಗಂಡ ಕಟ್ಟಡದ ಕೆಲಸ ಹುಡುಕಿಕೊಂಡು ಊರೂರು ಅಲೆಯುವವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಒಬ್ಬಳೇ ಮಗಳು. ಆ ಮಗು ಹುಟ್ಟಿದಾಗ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದಳು, “ಅಣ್ಣಾ, ಇವಳ ಕೈಗೆ ಮಾತ್ರ ನಾನು ಸೂಜಿ ಕೊಡಲ್ಲ. ಬರೆದಿಟ್ಕೋ ಬೇಕಾದ್ರೆ.” ನನಗೆ ಬರೆಯಲು ಬಾರದು ಅಂತ ಅವಳಿಗೂ ಗೊತ್ತಿತ್ತು, ಇಬ್ಬರೂ ನಕ್ಕೆವು.

ಮೂವತ್ತೈದಕ್ಕೆ ಕಣ್ಣು ಕೈಕೊಟ್ಟಿತು. ದೂರದ್ದು ಸರಿ, ಹತ್ತಿರದ್ದೆಲ್ಲ ಮಸುಕು. ಸೂಜಿಯ ಕಣ್ಣಿಗೆ ನೂಲು ಪೋಣಿಸಲು ಹೋಗಿ ಗಾಳಿಗೆ ಪೋಣಿಸುತ್ತಿದ್ದಳು. “ಒಂದು ಕನ್ನಡಕ ತಗೊಳ್ಳೇ ಮಾರಾಯ್ತಿ” ಅಂತ ನಾನು ಬೈದೆ.

“ಕನ್ನಡಕ ಹಾಕ್ಕೊಂಡ್ರೆ ಕಣ್ಣು ಹೋಗಿದೆ ಅಂತ ಮೇಸ್ತ್ರಿಗೆ ಗೊತ್ತಾಗುತ್ತೆ. ನಾಳೆಯಿಂದ ಬರಬೇಡ ಅಂತಾನೆ.”

ಅದಕ್ಕೆ ಅವಳು ಕಂಡುಕೊಂಡ ಉಪಾಯ ಮಗಳು. ಹನ್ನೊಂದು ವರ್ಷದ ಹುಡುಗಿ ಸ್ಕೂಲಿಗೆ ಹೋಗುವ ಮೊದಲು, ಮೇಸ್ತ್ರಿ ಬರುವುದರೊಳಗೆ, ಮೇಲೆ ಹೋಗಿ ಇಪ್ಪತ್ತು ಸೂಜಿಗೆ ನೂಲು ಪೋಣಿಸಿ, ಅಮ್ಮನ ಸೆರಗಿಗೆ ಸಾಲಾಗಿ ಚುಚ್ಚಿ ಹೋಗುತ್ತಿದ್ದಳು. ಹತ್ತೇ ನಿಮಿಷದ ಕೆಲಸ. ಆಮೇಲೆ ಇಪ್ಪತ್ತು ಸೂಜಿ ಸಾಲದಾಯಿತು. ಆಮೇಲೆ ಅಮ್ಮ ಹಾಕಿದ ಹೊಲಿಗೆ ಸೊಟ್ಟಗಾಗಿ, ಮಗಳು ಬಿಚ್ಚಿ ಸರಿಮಾಡತೊಡಗಿದಳು. ಒಂದು ದಿನ ಸ್ಕೂಲಿನ ಗಂಟೆ ಹೊಡೆದು ಎಷ್ಟೋ ಹೊತ್ತಾದರೂ ಹುಡುಗಿ ಮೆಟ್ಟಿಲಿಳಿಯಲಿಲ್ಲ. ಆ ವಾರ ಒಂದು ದಿನ, ಮುಂದಿನ ವಾರ ಮೂರು ದಿನ. ನಾನು ಕೇಳಿದರೆ ಕಾಜಾ ಮುಖ ತಿರುಗಿಸಿದಳು. “ಇದೊಂದು ತಿಂಗಳು ಅಷ್ಟೇ ಅಣ್ಣಾ.” ಒಂಬತ್ತರ ಕಾಜಾಳನ್ನು ಇಲ್ಲಿ ಬಿಟ್ಟುಹೋದ ದಿನ ಅವಳಪ್ಪನೂ ಇದೇ ಮಾತು ಹೇಳಿದ್ದ. ನಾನು ಅದನ್ನು ನೆನಪಿಸಲಿಲ್ಲ, ನೆನಪಿಸಬೇಕಿತ್ತು.

ಆ ತಿಂಗಳ ಕೊನೆಯಲ್ಲೇ ಜೀಪು ಬಂತು. ಹೊಸ ಅಧಿಕಾರಿ, ಹೆಂಗಸು. ಮಗು ಮೇಲಿದೆ, ಅದನ್ನು ಉಳಿಸೋಣ ಅಂತ ಕುಟ್ಟಿದೆ ಅಂದರೆ ಸುಳ್ಳಾಗುತ್ತದೆ. ನನ್ನ ತಲೆ ಯೋಚಿಸುವ ಮೊದಲೇ ಕೈ ಕುಟ್ಟಿತ್ತು. ಆಮೇಲೆ ತಡೆಯಲಾರದೆ ಮಡಿಸಿಟ್ಟ ಅಂಗಿಗಳ ಹೊರೆ ಎತ್ತಿಕೊಂಡು ಆಕೆಯ ಹಿಂದೆಯೇ ಮೆಟ್ಟಿಲು ಹತ್ತಿದೆ.

ಮಕ್ಕಳ ಸಾಲು ಖಾಲಿ. ಆದರೆ ಕಾಜಾಳ ಜಾಗದ ಪಕ್ಕದಲ್ಲಿ ಅವಳ ಮಗಳು ಕೈಯಲ್ಲಿ ಸೂಜಿ ಹಿಡಿದು ಹಾಗೇ ಕೂತಿದ್ದಳು. ಎರಡು ಏಟಿನ ಅರ್ಥ ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತ್ತು.

“ನಿನಗೆಷ್ಟು ವಯಸ್ಸು ಪುಟ್ಟಾ?” ಅಂತ ಅಧಿಕಾರಿ ಹುಡುಗಿಯನ್ನು ಕೇಳಿದರು.

“ಹನ್ನೊಂದು.”

“ಯಾರ ಜೊತೆ ಬಂದಿದ್ದೀಯಾ?”

“ಅಮ್ಮನ ಜೊತೆ.”

“ಅಮ್ಮ ಎಲ್ಲಿ?”

ಹುಡುಗಿ ಸೂಜಿ ಹಿಡಿದ ಕೈಯನ್ನೇ ಮೇಲೆತ್ತಿದಳು. “ಅಟ್ಟದ ಮೇಲೆ ಓಡಿಹೋದಳು. ಯಾಕೋ ಗೊತ್ತಿಲ್ಲ.”

ಮೊದಲು ಐದು ಮಕ್ಕಳು ಇಳಿದರು. ಅವರ ಹಿಂದೆ, ಮೈತುಂಬ ಧೂಳು, ಸೆರಗಿನಲ್ಲಿ ನೇತಾಡುವ ಸೂಜಿಗಳ ಸಾಲು, ಕಾಜಾ ಇಳಿದಳು. ಗಂಟುಗಳ ಹಿಂದೆ ಅವಳಿಗೆ ಜಾಗ ಸಾಲದೆ ಒಬ್ಬ ಪೋರ, “ಆಂಟಿ, ನೀವ್ಯಾಕೆ ಬಂದ್ರಿ?” ಅಂತ ಪಿಸುಗುಟ್ಟಿದ್ದನಂತೆ. ಅವಳು ಅವನ ಬಾಯಿ ಮುಚ್ಚಿದ್ದಳಂತೆ.

“ನಿಮ್ಮ ವಯಸ್ಸೆಷ್ಟಮ್ಮಾ?” ಅಂದರು ಅಧಿಕಾರಿ.

“ಹದಿನೈದು ತುಂಬಿದೆ ಸರ್.”

ಇಸ್ತ್ರಿ ಅಂಗಿಗಳ ಹಿಂದೆ ನನಗೆ ನಗು ಉಕ್ಕಿತು. ಮರುಕ್ಷಣ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಧಿಕಾರಿ ನಗಲಿಲ್ಲ, ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಕಾಜಾ ತಾನು ಹೇಳಿದ್ದು ತನಗೇ ಕೇಳಿದವಳಂತೆ ಅಲ್ಲೇ ನೆಲದ ಮೇಲೆ ಕುಸಿದು, ಮಗಳನ್ನು ಎಳೆದು ಅಪ್ಪಿಕೊಂಡು ಗೋಳೋ ಎಂದು ಅತ್ತಳು.

ಅಂಗಡಿಗೆ ಬೀಗ ಬಿತ್ತು. ಎರಡು ತಿಂಗಳ ಮೇಲೆ ಬಾಗಿಲು ತೆರೆದಾಗ ಯಜಮಾನ, ‘ಮಗಳ ಬಾಯಿ ಭದ್ರವಿಲ್ಲ’ ಅಂತ ಅವಳನ್ನು ಒಳಗೆ ಸೇರಿಸಲಿಲ್ಲ. ನಾನೂ ಅಲ್ಲಿಂದ ಮೇಜು ಎತ್ತಿದೆ. ದೊಡ್ಡ ಮನಸ್ಸಿನಿಂದಲ್ಲ. ಇನ್ನು ಕುಟ್ಟಲ್ಲ ಅಂದಿದ್ದಕ್ಕೆ ಅವನು ಬಾಡಿಗೆ ಕೇಳಿದ.

ಈಗ ಹಿಂದಿನ ಬೀದಿಯ ಒಂದು ಮುಚ್ಚಿದ ಅಂಗಡಿಯ ಜಗಲಿಯಲ್ಲಿ ನನ್ನ ಮೇಜಿದೆ. ಪಕ್ಕದಲ್ಲಿ ಅವಳು ಕೂರುತ್ತಾಳೆ, ಇಸ್ತ್ರಿಗೆ ಬರುವ ಬಟ್ಟೆಗಳ ಕಿತ್ತ ಗುಂಡಿ ಹಚ್ಚುತ್ತಾಳೆ, ಹರಿದದ್ದು ಹೊಲಿಯುತ್ತಾಳೆ. ದಪ್ಪ ಗಾಜಿನ ಕನ್ನಡಕ. ಸೂಜಿಗೆ ತಾನೇ ನೂಲು ಪೋಣಿಸುತ್ತಾಳೆ. ಒಂದು ಸಲ ತಾನಾಗಿಯೇ ಹೇಳಿದಳು, “ಹೆತ್ತ ಮಗುನ ಅಲ್ಲೇ ಬಿಟ್ಟು ಓಡಿದೆನಲ್ಲ ಅಣ್ಣಾ, ನಾನೆಂಥ ತಾಯಿ?” ನಾನು ಇನ್ನೊಂದು ಅಂಗಿ ಎಳೆದುಕೊಂಡು ಇಸ್ತ್ರಿ ಒತ್ತಿದೆ.

ಮೊನ್ನೆ ಸಂಜೆ ಮಗಳು ಸ್ಕೂಲಿನಿಂದ ಬಂದು ಜಗಲಿಯ ತುದಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದಳು. ನಾನು ಕೆಂಡದ ಬೂದಿ ಉದುರಿಸಲು ಪೆಟ್ಟಿಗೆಯನ್ನು ತಗಡಿಗೆ ಕುಟ್ಟಿದೆ. ಗಮನವಿಲ್ಲದೆ ಎರಡು ಸಲ ಕುಟ್ಟಿಬಿಟ್ಟೆ. ಕಾಜಾ ಧಡಕ್ಕನೆ ಎದ್ದು ನಿಂತಳು, ಮಡಿಲಲ್ಲಿದ್ದ ಗುಂಡಿಗಳೆಲ್ಲ ಚೆಲ್ಲಾಪಿಲ್ಲಿ.

ಮಗಳು ತಲೆ ಎತ್ತಲೇ ಇಲ್ಲ. “ಮಾಮಾ, ಸದ್ದು ಮಾಡಬೇಡಿ, ಲೆಕ್ಕ ತಪ್ಪುತ್ತೆ” ಅಂದಳು.

ಅವಳಮ್ಮ ನಿಂತಲ್ಲೇ ನಿಂತು ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೂತು ಗುಂಡಿ ಆಯ್ದುಕೊಂಡಳು.