ಎಂಟು ಅಡಿಯ ಇಳಿಜಾರು

ನಾನು ಸರ್ವೇ ಇಲಾಖೆಯಲ್ಲಿ ಇದ್ದವನು. ನಿವೃತ್ತನಾಗುವವರೆಗೆ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಅಳತೆಯ ಸರಪಳಿ ಎಳೆದಿದ್ದೇನೆ. ಅಣ್ಣತಮ್ಮಂದಿರು ಒಂದು ಬದುವಿಗಾಗಿ ಜಗಳವಾಡುವಾಗ ನಡುವೆ ನಿಂತು ಅಂಕಿ ಹೇಳುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ನಮ್ಮೂರಿನ ಮಕ್ಕಳ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಡೆದದ್ದನ್ನೂ ಅಳತೆ ಸಮೇತ ಬರೆಯುತ್ತೇನೆ. ಅಳತೆ ಬಿಟ್ಟು ಹೇಳಲು ಹೋದರೆ ಈಗಲೂ ನನ್ನ ಮಾತು ತಪ್ಪುತ್ತದೆ.

ಅಲ್ಲಿ ನಾನು ಸ್ವಯಂಸೇವಕ. ಒಂದು ದೊಡ್ಡ ಹಾಲು, ಮುಂದೆ ವರಾಂಡ, ನೆಲದಿಂದ ವರಾಂಡಕ್ಕೆ ಆರಾರು ಇಂಚಿನ ನಾಲ್ಕು ಮೆಟ್ಟಿಲು. ಹಾಲಿನ ಗೋಡೆಯ ಮೇಲೆ ‘ಮುಟ್ಟಿ ನೋಡಿ, ಮಾಡಿ ಕಲಿಯಿರಿ’ ಎಂದು ಬರೆದಿದೆ. ಅದರ ಕೆಳಗಿನ ಪ್ರತಿಯೊಂದು ಮಾದರಿಯ ಮೇಲೂ ‘ಮುಟ್ಟಬಾರದು’ ಎಂಬ ಚೀಟಿ ಇದೆ. ಚೀಟಿ ಓದದ ಮಕ್ಕಳಿಗೆ ಅದನ್ನು ಬಾಯಲ್ಲಿ ಹೇಳುವುದು ಸ್ವಯಂಸೇವಕರ ಕೆಲಸ. ಲೋಲಕದ ಬಳಿ ನಿಂತು ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಲೋಲಕ ಯಾಕೆ ಆ ಲೆಕ್ಕದಲ್ಲಿ ತೂಗುತ್ತದೆ ಎಂದು ಒಂದು ಮಗುವೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಅದು ಗೊತ್ತಿದ್ದವಳು ಒಂದು ದಿನ ಗೇಟಿಗೆ ಬಂದಳು. ಜಮಖಾನೆ ನೇಯುವ ಮನೆಯ ಹುಡುಗಿ. ಹುಬ್ಬಳ್ಳಿಯಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ಮನೆಯಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ನಮ್ಮ ಬೋರ್ಡು ನೋಡಿ ಅರ್ಜಿ ಬರೆದುಕೊಂಡು ಬಂದಿದ್ದಳು. ಸಮಿತಿಯ ಅಧ್ಯಕ್ಷರು, ಅಂದರೆ ನಿವೃತ್ತ ಹೆಡ್‌ಮಾಸ್ತರರು, ಗೇಟಿನ ತನಕ ಇಳಿದು ಬಂದರು.

“ಬಾ ತಂಗಿ, ಬಾ. ನಿಮ್ಮಂಥಾವ್ರಿಗೆ ಟಿಕೀಟ ಇಲ್ಲ,” ಎಂದರು.

“ನೋಡಾಕ ಬಂದಿಲ್ರಿ ಸರ್. ಕೆಲಸಕ್ಕ ಬಂದೀನ್ರಿ.”

ಅವರು ಅರ್ಜಿಯನ್ನು ಎರಡೂ ಬದಿ ತಿರುಗಿಸಿ ನೋಡಿದರು. “ಇದು ನಿಂತು ಹೇಳೋ ಕೆಲಸ, ತಂಗಿ.”

“ಲೋಲಕ ನೇತಾಡತೈತ್ರಿ, ನಾ ಕುಂತಿರ್ತೀನ್ರಿ. ಮಕ್ಕಳು ನಿಂತಿರ್ತಾವು. ಇನ್ನ ಯಾರು ನಿಂದ್ರಬೇಕ್ರಿ?”

ವಾಚ್‌ಮನ್ ನಕ್ಕುಬಿಟ್ಟ. ಅಧ್ಯಕ್ಷರು ಅವನ ಕಡೆ ನೋಡಿದ ಮೇಲೆ ಕೆಮ್ಮಿದ.

ಗಾಲಿಕುರ್ಚಿಯವರಿಗೆಂದು ಮೆಟ್ಟಿಲ ಪಕ್ಕದಲ್ಲಿ ಇಳಿಜಾರೊಂದು ಆಗಲೇ ಕಟ್ಟಿ ಮುಗಿದಿತ್ತು. ಆದರೆ ಉದ್ಘಾಟನೆ ಆಗಿರಲಿಲ್ಲವಾದ್ದರಿಂದ ಅದರ ಬುಡಕ್ಕೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದರು. ಕತ್ತರಿಸುವವರ ತಾರೀಕು ಸಿಕ್ಕಿರಲಿಲ್ಲ. ಹಾಗಾಗಿ ಕುರ್ಚಿ ಸಮೇತ ಎತ್ತಿ ಒಳಗೆ ತರೋಣವೆಂದು ನಾಲ್ಕು ಜನ ಮುಂದೆ ಬಂದೆವು. ನಾಲ್ವರಲ್ಲಿ ನಾನೂ ಒಬ್ಬ.

“ಕೈ ತಗೀರಿ,” ಎಂದಳು. “ನಾ ಜ್ವಾಳದ ಚೀಲಲ್ರಿ.”

ನಾವು ಕೈ ತೆಗೆದೆವು. ಕೊನೆಗೆ ಅಧ್ಯಕ್ಷರು ದಾರಿಯೊಂದನ್ನು ಹೇಳಿದರು. ಧಾರವಾಡದಿಂದ ಅಧಿಕಾರಿ ಬಂದು ತಪಾಸಣೆ ಮಾಡಿ ಸುಗಮ ಪ್ರವೇಶದ ಪ್ರಮಾಣಪತ್ರ ಕೊಡುತ್ತಾರೆ. ಅದು ಕೈಗೆ ಬಂದ ಮರುದಿನವೇ ಅವಳನ್ನು ಸ್ವಯಂಸೇವಕಿಯಾಗಿ ತೆಗೆದುಕೊಳ್ಳುವುದು. ಅಲ್ಲಿಯವರೆಗೆ ಅವಳು ಸಂದರ್ಶಕಿ. ಒಳಗೆ ಬರಲಾಗದ ಸಂದರ್ಶಕಿ ಎಂಬುದನ್ನು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ನಾನು ರಿಬ್ಬನ್ ದಾಟಿ ಇಳಿಜಾರನ್ನು ಅಳೆದೆ. ಏರಿಕೆ ಎರಡು ಅಡಿ. ಉದ್ದ ಎಂಟು ಅಡಿ. ಮೇಲ್ಮೈ ಪಾಲಿಶ್ ಮಾಡಿದ ಕರಿಕಲ್ಲು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು ಎನ್ನುವುದು ನಿಯಮ. ಮರುದಿನ ಅಧ್ಯಕ್ಷರಿಗೆ ಹೇಳಿದೆ.

“ಇಪ್ಪತ್ನಾಕ ಅಡಿ?” ಎಂದರು. “ಇದೇನು ಸಂಗ್ರಹಾಲಯನೋ, ವಿಮಾನ ನಿಲ್ದಾಣನೋ? ತಪಾಸಣಾ ನಮೂನಾದಾಗ ‘ಇಳಿಜಾರು ಇದೆಯೇ’ ಅಂತಷ್ಟ ಐತಿ. ಐತಿ.”

ಇಪ್ಪತ್ತು ವರ್ಷ ಗೌಡರ ಎದುರಿಗೆ ಅಂಕಿ ಹೇಳಿದವನು ಹೆಡ್‌ಮಾಸ್ತರರ ಎದುರಿಗೆ ಸುಮ್ಮನಾದೆ.

ತಪಾಸಣೆಯ ದಿನ ಅಧಿಕಾರಿ ಬಂದರು. ಕನ್ನಡಕ ಹಾಕಿದ ಹೆಣ್ಣುಮಗಳು, ಕೈಯಲ್ಲಿ ನಮೂನೆ, ಜೊತೆಗೆ ಯಾರೂ ಇಲ್ಲ. ರಿಬ್ಬನ್ ಕತ್ತರಿಸುವ ಭಾಗ್ಯ ಅವರಿಗೇ ಬಂತು. ಆದರೆ ಅದಕ್ಕೂ ಮುಂಚೆ ಅಧ್ಯಕ್ಷರಿಗೆ ಇಳಿಜಾರು ಬರೀ ಕಲ್ಲಾಗಿ ಕಂಡಿತು. ನಮ್ಮೂರಲ್ಲಿ ದೊಡ್ಡವರು ಬಂದಾಗ ಬರೀ ನೆಲ ತೋರಿಸುವುದಿಲ್ಲ, ಜಮಖಾನೆ ಹಾಸುತ್ತೇವೆ. ಮದುವೆಯಲ್ಲಿ, ಪಂಚಾಯ್ತಿಯಲ್ಲಿ, ಶಾಲೆಯಲ್ಲಿ ಹಾಗೆಯೇ. ಆದ್ದರಿಂದ ನವಿಲು ನೇಯ್ದ ಒಂದು ಹೊಸ ಜಮಖಾನೆಯನ್ನು ತರಿಸಿ ಇಳಿಜಾರಿನ ಮೇಲಿಂದ ಕೆಳಗಿನ ತನಕ ಹಾಸಿದರು. ಚೆಂದ ಕಂಡಿತು. ನನಗೂ ಚೆಂದವೇ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ.

ಹುಡುಗಿಯನ್ನು ಕರೆಸಿದ್ದರು. ಅಧಿಕಾರಿಯ ಎದುರಿಗೆ ಅವಳು ಏರಿ ಒಳಗೆ ಹೋಗಬೇಕು, ಫೋಟೋ ಆಗಬೇಕು. ಅವಳು ಇಳಿಜಾರಿನ ಬುಡಕ್ಕೆ ಬಂದು ನಿಂತು ಜಮಖಾನೆಯ ಅಂಚನ್ನು ಕೈಯಿಂದ ಒತ್ತಿ ನೋಡಿದಳು.

“ಇದರ ಮ್ಯಾಲ ನಾ ಏರಂಗಿಲ್ರಿ. ನುಣುಪ ಕಲ್ಲಿನ ಮ್ಯಾಲ ಜಮಖಾನಿ ನಿಂದ್ರಂಗಿಲ್ಲ. ನಮ್ಮನ್ಯಾಗಿನ ಮಾಲು, ನನಗ ಗೊತ್ತೈತ್ರಿ.”

“ಅಂಜಿಕೀ ಏನವಾ?”

“ಅಂಜಿಕಿ ಅಲ್ರಿ ಸರ್. ಭೌತಶಾಸ್ತ್ರ.”

ಅಧ್ಯಕ್ಷರು ಸುತ್ತ ನೋಡಿದರು. ಸಂಗ್ರಹಾಲಯದ್ದೇ ಆದ ಒಂದು ಗಾಲಿಕುರ್ಚಿ ಇತ್ತು, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಸ್ವಯಂಸೇವಕರಲ್ಲಿ ಹಗುರಾದವನು ನಾನು. “ನೀವು ಕುಂದರ್ರಿ,” ಎಂದರು.

ಹುಡುಗಿ ನನ್ನ ಕಡೆ ತಿರುಗಿದಳು. “ಕಾಕಾ, ನೀವು ಜಗತ್ತಿಗೆ ಅಳತಿ ಹೇಳಿದಾವ್ರು. ನಿಮಗ ಗೊತ್ತಿಲ್ಲೇನ್ರಿ?”

ಗೊತ್ತಿತ್ತು. ಆದರೂ ಕುಳಿತೆ. ಯಾಕೆ ಕುಳಿತೆನೆಂದು ಬಹಳ ಸಲ ಕೇಳಿಕೊಂಡಿದ್ದೇನೆ. ಅಧಿಕಾರಿ ನಮೂನೆ ಹಿಡಿದು ಕಾಯುತ್ತಿದ್ದರು, ಎಲ್ಲರೂ ನೋಡುತ್ತಿದ್ದರು. ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

ವಾಚ್‌ಮನ್ ಹಿಂದಿನಿಂದ ನೂಕಿದ. ಮೊದಲ ಮೂರು ಅಡಿ ಸರಿಯಾಗಿ ಏರಿದೆವು. ನಾಲ್ಕನೆಯ ಅಡಿಯಲ್ಲಿ ಅವನ ಉಸಿರು ನನ್ನ ಕುತ್ತಿಗೆಗೆ ತಾಗಿತು. ಐದನೆಯ ಅಡಿಯಲ್ಲಿ ನಾನು ಕೆಳಗೆ ನೋಡಿದೆ. ಗಾಲಿ ತಿರುಗುತ್ತಿರಲಿಲ್ಲ, ಆದರೆ ಅಂಚಿನ ಕಲ್ಲು ಮುಂದೆ ಸರಿಯುತ್ತಿತ್ತು. ಅಂದರೆ ನಾವು ಹಿಂದೆ ಹೋಗುತ್ತಿದ್ದೆವು. ನವಿಲುಗಳು, ಕುರ್ಚಿ, ನಾನು, ವಾಚ್‌ಮನ್ ಎಲ್ಲರೂ ಕೂಡಿಯೇ ಇಳಿದೆವು. ಸದ್ದೇನೂ ಆಗಲಿಲ್ಲ, ಜಮಖಾನೆ ಸದ್ದು ಮಾಡುವುದಿಲ್ಲ. ಬುಡದಲ್ಲಿ ಕುರ್ಚಿ ಬಲಕ್ಕೆ ಉರುಳಿತು. ಬಲಗೈ ಅಡ್ಡ ಕೊಟ್ಟೆ. ಮಣಿಕಟ್ಟಿನಲ್ಲಿ ಒಣ ತೊಗರಿಕಟ್ಟಿಗೆ ಮುರಿದಂಥ ಸಣ್ಣ ಸಪ್ಪಳ ಕೇಳಿಸಿತು.

ವಾಚ್‌ಮನ್ ನನ್ನನ್ನು ಎತ್ತಿ ಕೂರಿಸಿದ. ಆಮೇಲೆ ಅಧ್ಯಕ್ಷರು ಅಧಿಕಾರಿಗೆ ಹೇಳಿದ್ದು ಕೇಳಿಸಿತು: “ಇಳಿಯೋ ಪರೀಕ್ಷಾನೂ ಆತ್ರಿ, ಮೇಡಂ.”

ಅಧಿಕಾರಿ ನಮೂನೆಯಲ್ಲಿ ಏನನ್ನೂ ಗುರುತು ಮಾಡಲಿಲ್ಲ. ಬಿದ್ದವರಿಂದಲೇ ಲಿಖಿತ ಹೇಳಿಕೆ ಕಳಿಸಿಕೊಡಿ ಎಂದು ಹೇಳಿ ಜೀಪು ಹತ್ತಿದರು. ನನ್ನನ್ನು ಆಸ್ಪತ್ರೆಗೆ ಒಯ್ಯುವಾಗ ಹುಡುಗಿ ಇಳಿಜಾರಿನ ಬುಡದಲ್ಲೇ ಇದ್ದಳು. “ಹೇಳಿದ್ನೆಲ್ರಿ” ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರನೆಯ ದಿನ ಅಧ್ಯಕ್ಷರು ಬ್ರೆಡ್ಡು, ಬಾಳೆಹಣ್ಣು ಮತ್ತು ಟೈಪು ಮಾಡಿದ ಹೇಳಿಕೆಯೊಂದಿಗೆ ನಮ್ಮ ಮನೆಗೆ ಬಂದರು. ‘ನನ್ನ ಅಜಾಗರೂಕತೆಯಿಂದ ಬಿದ್ದಿರುತ್ತೇನೆ. ಇಳಿಜಾರು ಸುಸ್ಥಿತಿಯಲ್ಲಿರುತ್ತದೆ.’

“ನಿಮ್ಮ ಸಲುವಾಗಿ ಅಲ್ಲ, ಆ ಹುಡುಗಿ ಸಲುವಾಗಿ,” ಎಂದರು. “ನೀವು ಸಹಿ ಹಾಕಿದ್ರ ಪ್ರಮಾಣಪತ್ರ ಬರ್ತೈತಿ, ಆಕಿ ಒಳಗ ಬರ್ತಾಳ. ಇಲ್ಲಂದ್ರ ಆಕೀ ಅರ್ಜಿ ಅಲ್ಲೇ ಉಳೀತೈತಿ. ನೋಡ್ರಿ.”

ಎಡಗೈಯಲ್ಲಿ ಸಹಿ ಬರುವುದಿಲ್ಲ ಎಂದು ಹೇಳಿ ಒಂದು ದಿನದ ಗಡುವು ಕೇಳಿಕೊಂಡೆ. ಮರುದಿನ ಅವಳ ಮನೆಗೆ ಹೋದೆ. ಅವಳ ತಾಯಿ ಮಗ್ಗದ ಮುಂದೆ ಕುಳಿತು ಕಬ್ಬಿಣದ ಪಂಜದಿಂದ ದಾರ ಬಡಿಯುತ್ತಿದ್ದರು. ಹೇಳಿಕೆಯನ್ನು ಹುಡುಗಿಗೆ ಕೊಟ್ಟೆ. ಅವಳು ಎರಡು ಸಲ ಓದಿದಳು.

“ಇದಕ್ಕ ಸಹಿ ಹಾಕಿದ್ರ ನಾ ಎಲ್ಲಿಂದ ಒಳಗ ಹೋಗ್ಲ್ರಿ ಕಾಕಾ? ಅದ ಇಳಿಜಾರಿನಿಂದನ? ಪ್ರಮಾಣಪತ್ರ ಒಳಗ ಹೋಗಿ ಗ್ವಾಡಿ ಮ್ಯಾಲ ಕುಂದರ್ತೈತಿ. ನಾ ಗೇಟಿನ್ಯಾಗ ಇರ್ತೀನಿ.”

“ಸಹಿ ಹಾಕದಿದ್ರ ಅರ್ಜಿ ತಗೊಳ್ಳೂದಿಲ್ಲ ಅಂತಾರ.”

“ತಗೋಬ್ಯಾಡ್ರಿ ಅನ್ರಿ. ನೀವು ಅಳತಿ ಬರೀರಿ.”

ತಾಯಿ ಬಡಿಯುವುದು ನಿಲ್ಲಿಸಿದರು. “ಜಮಖಾನಿ ಕುಂದ್ರಾಕ ಐತ್ರಿ, ಜಾರೂಬಂಡಿ ಆಡಾಕಲ್ಲ. ಅದನ್ನೂ ಬರೀರಿ,” ಎಂದರು.

ಎಡಗೈಯಲ್ಲಿ ಒಂದು ಪುಟ ಬರೆಯಲು ಇಡೀ ಮಧ್ಯಾಹ್ನ ಬೇಕಾಯಿತು. ಏರಿಕೆ, ಉದ್ದ, ಕಲ್ಲಿನ ಬಗೆ, ಜಮಖಾನೆ. ಜೊತೆಗೆ, ಇದು ನನಗೆ ಮೊದಲೇ ತಿಳಿದಿತ್ತು, ಅಧ್ಯಕ್ಷರಿಗೆ ಒಮ್ಮೆ ಹೇಳಿ ಸುಮ್ಮನಾದೆ ಎಂಬ ಸಾಲು. ಅದನ್ನೇ ಧಾರವಾಡಕ್ಕೆ ಅಂಚೆಯಲ್ಲಿ ಹಾಕಿದೆ.

ಪ್ರಮಾಣಪತ್ರ ಬರಲಿಲ್ಲ. ಅಧ್ಯಕ್ಷರು ನನ್ನೊಡನೆ ಮಾತು ಬಿಟ್ಟರು. ಗೇಟಿಗೆ ಹೊಸ ಬೋರ್ಡು ಬಂತು: ‘ಗಾಲಿಕುರ್ಚಿಯವರಿಗೆ ವೀಕ್ಷಣೆಯಿಂದ ವಿನಾಯಿತಿ ನೀಡಲಾಗಿದೆ.’ ಹೋಗಿಬರುವವರು ಅದನ್ನು ರಿಯಾಯಿತಿ ಎಂದು ಓದಿಕೊಂಡು ಒಳ್ಳೆಯದಾಯಿತು ಎನ್ನುತ್ತಿದ್ದರು. ಹುಡುಗಿ ಆ ಬೋರ್ಡಿನ ಫೋಟೋ ತೆಗೆದು, ಒಂದು ಪತ್ರದ ಜೊತೆ ಅದೇ ಅಧಿಕಾರಿಗೆ ಕಳಿಸಿದಳು. ಬೋರ್ಡು ತೆಗೆಯಿರಿ, ಇಳಿಜಾರು ಒಡೆದು ಮತ್ತೆ ಕಟ್ಟಿ, ಅಲ್ಲಿಯತನಕ ಬಾಗಿಲು ಹಾಕಿ ಎಂದು ಎರಡು ವಾರದಲ್ಲಿ ಆದೇಶ ಬಂತು.

ಇಳಿಜಾರು ಒಡೆದು ಕಟ್ಟಲು ಗೌಂಡಿ ಬಂದ ದಿನ ಅಳೆಯಲು ನನ್ನನ್ನು ಕರೆದರು. ಕೈಗೆ ಇನ್ನೂ ಪಟ್ಟಿ ಇತ್ತು, ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕಿತ್ತು. ಗೇಟಿನಲ್ಲಿ ನೋಡುತ್ತಿದ್ದ ಹುಡುಗಿ ಕೈ ಚಾಚಿದಳು. ತುದಿ ಹಿಡಿದು ವರಾಂಡದ ಅಂಚಿನಿಂದ ಕುರ್ಚಿಯನ್ನು ಹಿಂದೆ ಹಿಂದೆ ನಡೆಸಿಕೊಂಡು ಹೋದಳು. ಹತ್ತು ಅಡಿ. ಹದಿನೈದು. ಹತ್ತೊಂಬತ್ತರಲ್ಲಿ ಗಾಲಿ ಹೂವಿನ ಕಟ್ಟೆಗೆ ತಾಗಿ ನಿಂತಿತು. ಅದರ ನಡುವೆ ದಾನಿಗಳ ಮತ್ತು ಅಧ್ಯಕ್ಷರ ಹೆಸರು ಕೆತ್ತಿದ ಶಿಲೆ. ಇಳಿಜಾರು ಎಂಟೇ ಅಡಿಯಾದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಕಟ್ಟೆಗೂ, ಅದರ ಮುಂದೆ ನಿಂತು ಹೆಸರು ಓದುವವರಿಗೆ ಹನ್ನೊಂದು ಅಡಿಗೂ ಜಾಗ ಬಿಟ್ಟು ಉಳಿದದ್ದನ್ನು ಅದಕ್ಕೆ ಕೊಟ್ಟಿದ್ದರು.

“ಆ ಕಲ್ಲು ಸರಸಾಕ ಬರಂಗಿಲ್ಲ,” ಎಂದರು ಅಧ್ಯಕ್ಷರು.

“ಹಂಗಾರ ಕಟ್ಟಡಾ ಐದಡಿ ಹಿಂದ ಸರಸ್ರಿ ಸರ್,” ಎಂದಳು.

ಗೌಂಡಿ ಸುಣ್ಣದ ಡಬ್ಬಿ ಹಿಡಿದು ಇಬ್ಬರ ಮುಖವನ್ನೂ ನೋಡಿದ. “ಯಾರು ಹೇಳಿದಲ್ಲಿ ಗೆರಿ ಹಾಕ್ಲ್ರಿ?”

ಅಧ್ಯಕ್ಷರು ಬಹಳ ಹೊತ್ತು ತಮ್ಮ ಹೆಸರಿನ ಕಡೆ ನೋಡಿದರು. ನಂತರ ನನ್ನನ್ನಲ್ಲ, ಗೌಂಡಿಯನ್ನೂ ಅಲ್ಲ, ಅವಳನ್ನೇ ಕೇಳಿದರು: “ಲೋಲಕದ ಹತ್ರ ದಿನಾ ಎಷ್ಟ ಗಂಟೇಕ ಬರ್ತೀ ನೀ?”

“ಹತ್ತಕ್ಕ ಬರ್ತೀನ್ರಿ,” ಎಂದಳು. “ಮೊದಲ ಗೆರಿ ಹಾಕ್ರಿ.”

ಗೌಂಡಿ ಅವಳ ಕೈ ಇದ್ದಲ್ಲಿಗೆ ಹೋಗಿ, ಹೂವಿನ ಕಟ್ಟೆಯ ಮೇಲೆ ಹತ್ತಿ, ಇಪ್ಪತ್ತನಾಲ್ಕನೆಯ ಅಡಿಗೆ ಸುಣ್ಣದ ಗೆರೆ ಎಳೆದ.