ಆನೆಮರಿಯ ಎಡಗಿವಿ

ಬೆಳಕು ಹರಿಯುತ್ತಿದೆ. ಮೂರನೇ ಮಹಡಿಯ ಕಿರಿದಾದ ಕೋಣೆಯಲ್ಲಿ ಕಂಪ್ಯೂಟರುಗಳ ಫ್ಯಾನುಗಳು ಒಂದೇ ಸಮನೆ ಗುಂಯ್‌ಗುಡುತ್ತಿವೆ. ಕಪ್ಪು ಪರದೆಯ ಮುಂದೆ ಶಾಲು ಹೊದ್ದ ಹೆಂಗಸೊಬ್ಬರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲಿದ್ದೇನೆ.

ಆನಿಮೇಷನ್ ಸ್ಟುಡಿಯೋದಲ್ಲಿ ಇವರದು ರೆಂಡರಿಂಗ್ ಕೆಲಸ. ಕಲಾವಿದರು ಮಾಡಿಟ್ಟ ಬೊಂಬೆಗಳಿಗೆ ಬೆಳಕು ನೆರಳು ತುಂಬಿ, ಒಂದೊಂದೇ ಚಿತ್ರವಾಗಿ ಹೊರತೆಗೆಯಲು ಕಂಪ್ಯೂಟರಿಗೆ ಅಪ್ಪಣೆ ಕೊಡುತ್ತಾರೆ. ಮೌಸ್ ಮುಟ್ಟುವುದಿಲ್ಲ, ಎಲ್ಲವೂ ಒಂದು ಸಾಲು ಟೈಪಿಸಿಯೇ. ಹಾಗಾಗಿ ಎಲ್ಲರಿಗೂ 'ಸಾಲಕ್ಕ'. ಹೊಸಬನೊಬ್ಬ ಆ ಹೆಸರು ನಂಬಿ ತಿಂಗಳ ಕೊನೆಗೆ ಕೈಗಡ ಕೇಳಲು ಬಂದಿದ್ದನಂತೆ.

ಆ ಸಾಲಿಗೊಂದು ಹಟವಿದೆ. ಸಿನಿಮಾದಲ್ಲಿ ಎಲ್ಲಿಂದ ಎಲ್ಲಿಯವರೆಗೆ ತೆಗೆಯಬೇಕು ಎಂದು ಮೊದಲು ಹೇಳಿ, 'ಶುರುಮಾಡು' ಎಂಬ ಗುರುತನ್ನು ಕೊನೆಗಿಡಬೇಕು. ಮೊದಲೇ ಇಟ್ಟರೆ ಮುಂದಿನ ಮಾತು ಕಂಪ್ಯೂಟರಿನ ಕಿವಿಗೇ ಬೀಳುವುದಿಲ್ಲ.

"ನಮ್ಮನೆಯವರ ಥರಾನೇ. ಅಂಗಡಿಗೆ ಹೋಗಿ ಅಂದ್ರೆ ಸಾಕು, ಏನು ತರ್ಬೇಕು ಅನ್ನೋಷ್ಟರಲ್ಲಿ ಬೀದಿ ತುದೀಲಿರ್ತಾರೆ," ಎನ್ನುತ್ತಾರೆ ಸಾಲಕ್ಕ.

ಊರಿಗೆಲ್ಲ ಇದನ್ನು ಹೇಳಿಕೊಟ್ಟವರೇ ನಿನ್ನೆ ಎಡವಿದ್ದಾರೆ. ಮಕ್ಕಳ ಸಿನಿಮಾವೊಂದರ ಎರಡೇ ದೃಶ್ಯಗಳನ್ನು ಮತ್ತೆ ತೆಗೆಯಬೇಕಿತ್ತು. ಒಂದರಲ್ಲಿ ಆನೆಮರಿಯ ಎಡಗಿವಿ ಬೇಲಿಯೊಳಗೇ ತೂರಿಕೊಂಡಿತ್ತು. ಇನ್ನೊಂದು, ಮರಿ ಕಾಡಿಗೆ ನಡೆಯುತ್ತಿರುವಾಗ ಕೆಲಸಗಾರರ ಹೆಸರು ಬರುವ ಕೊನೆಯ ದೃಶ್ಯ. ಅದರಲ್ಲಿ ಬಿಟ್ಟುಹೋಗಿದ್ದ ಸಾಲಕ್ಕನ ಹೆಸರನ್ನು ಸೇರಿಸಬೇಕಿತ್ತು; ಪರದೆಯ ಮೇಲೆ ಅವರ ಹೆಸರು ಬರುವುದು ಇದೇ ಮೊದಲ ಸಲ. ಕೊನೆಯವರೆಗೆ ಯಾರೂ ಏಳಕೂಡದೆಂದು ಅವರ ತಾಯಿ ನೆರೆಹೊರೆಗೆಲ್ಲ ತಾಕೀತು ಮಾಡಿಟ್ಟಿದ್ದಾರೆ. ಆ ಸಂಭ್ರಮದಲ್ಲಿ ಬೆರಳು 'ಶುರುಮಾಡು' ಎಂಬುದನ್ನೇ ಮೊದಲು ಒತ್ತಿಬಿಟ್ಟಿದೆ. ಕಂಪ್ಯೂಟರು ಪಾಪ, ರಾತ್ರಿಯೆಲ್ಲ ಸರಿಯಾಗಿದ್ದ ಸಿನಿಮಾವನ್ನೇ ಮೊದಲಿನಿಂದ ತೆಗೆಯುತ್ತ ಕೂತಿದೆ.

ಬೆಳಿಗ್ಗೆ ಒಂಬತ್ತಕ್ಕೆ ಸಿನಿಮಾ ಕಳಿಸಲೇಬೇಕು. ಇನ್ನು ಒಂದು ದೃಶ್ಯಕ್ಕಷ್ಟೇ ಸಮಯ. ಯಾವುದೆಂದು ನೀವೇ ನೋಡಿ ಎಂದು ನಿರ್ದೇಶಕರು ಫೋನಿನಲ್ಲಿ ಹೇಳಿದ್ದಾರೆ. ನಾನಾಗಿದ್ದರೆ ಹೆಸರನ್ನೇ ಆರಿಸುತ್ತಿದ್ದೆ. ಸಾಲಕ್ಕ ಕಿವಿಯ ಸಾಲು ಟೈಪಿಸುತ್ತಾರೆ. ಹೆಸರು ಬೇಡವೇ ಎಂದು ಕೇಳಿಯೇಬಿಡುತ್ತೇನೆ.

"ಬೇಕು. ಯಾಕೆ ಬೇಡ? ಆದ್ರೆ ಹೆಸರಿಲ್ದಿದ್ರೆ ನಂಗೂ ಅಮ್ಮಂಗೂ ಬೇಜಾರು, ಅಷ್ಟೇ. ಕಿವಿ ಬೇಲಿಯೊಳಗೆ ತೂರಿದ್ರೆ ಮಕ್ಳು ಆ ಮರೀನ ನಂಬೋದೇ ಬಿಟ್ಬಿಡ್ತಾರೆ."

ಈ ಸಲ 'ಶುರುಮಾಡು' ಕೊನೆಯಲ್ಲೇ ಇದೆಯೇ ಎಂದು ಬೆರಳಿಟ್ಟು ನೋಡಿ ಎಂಟರ್ ಒತ್ತುತ್ತಾರೆ. ಒಂದೊಂದಾಗಿ ಚಿತ್ರಗಳು ಬರತೊಡಗುತ್ತವೆ. ಕಿವಿ ಬೇಲಿಗೆ ತಾಗಿ, ಮಡಚಿಕೊಂಡು, ಈಚೆಗೇ ನಿಲ್ಲುತ್ತದೆ. ಸಾಲಕ್ಕ ತಾಯಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳುತ್ತಾರೆ.

"ಹೆಸರು ಹುಡುಕ್ಬೇಡಮ್ಮ," ಎನ್ನುತ್ತಾರೆ ಸಾಲಕ್ಕ. "ಮರಿ ಬೇಲಿ ಹತ್ರ ಬಂದಾಗ ಎಡಗಿವಿ ನೋಡು. ಅದು ನಂದು."